ಅರ್ಧ ಗಂಟೆಯ ಬೆಲೆ

ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯ ಟೆಲಿವಿಷನ್ನಿನಲ್ಲಿ ವಾರ್ತೆ ಬರುತ್ತದೆ. ಪರದೆಯನ್ನು ಆರೆಂಟು ಚೌಕಗಳಾಗಿ ಹೋಳುಮಾಡಿ, ಒಂದೊಂದರಲ್ಲಿ ಒಬ್ಬೊಬ್ಬರನ್ನು ಕೂರಿಸಿ, ಎಲ್ಲರೂ ಏಕಕಾಲದಲ್ಲಿ ಮಾತನಾಡುವಂತೆ ಏರ್ಪಡಿಸಿರುತ್ತಾರೆ. ನಾನು ಸದ್ದನ್ನು ಪೂರ್ತಿ ತಗ್ಗಿಸಿ ಚಿತ್ರವನ್ನಷ್ಟೇ ನೋಡುತ್ತ ಕೂರುತ್ತೇನೆ. ವಾರ್ತೆಯನ್ನು ಕೇಳದೆ ನೋಡುವುದು ಎಂತಹ ಅಭ್ಯಾಸವೆಂದು ಮೊಮ್ಮಗಳು ನಗುತ್ತಾಳೆ. ಅವಳಿಗೆ ಉತ್ತರ ಹೇಳಲು ಹೊರಟಾಗಲೆಲ್ಲ ನನಗೆ ನೆನಪಾಗುವವನು ಅಮೆರಿಕದ ಎಡ್ವರ್ಡ್ ಮರೋ. ಸುದ್ದಿ ಹೇಳುವ ಕಸುಬಿಗೆ ಒಂದು ಘನತೆಯನ್ನು ತಂದುಕೊಟ್ಟು, ಆ ಘನತೆಗೆ ಮಾರುಕಟ್ಟೆ ಕಟ್ಟಿದ ಬೆಲೆಯನ್ನೂ ಕಣ್ಣಾರೆ ಕಂಡು ಹೋದ ಮನುಷ್ಯ ಆತ.

ಮರೋ ಹುಟ್ಟಿದ್ದು 1908ರ ಏಪ್ರಿಲ್ 25ರಂದು, ಉತ್ತರ ಕೆರೊಲಿನದ ಗ್ರೀನ್ಸ್‌ಬರೋ ಸಮೀಪದ ಪೋಲ್‌ಕ್ಯಾಟ್ ಕ್ರೀಕ್ ಎಂಬಲ್ಲಿ. ತಂದೆತಾಯಿಗಳು ಕ್ವೇಕರ್ ಪಂಥದವರು, ಬೇಸಾಯದ ಕುಟುಂಬ, ಮರದ ದಿಮ್ಮಿಗಳಿಂದ ಕಟ್ಟಿದ, ವಿದ್ಯುದ್ದೀಪವಿಲ್ಲದ ಮನೆ. ಮಗುವಿಗೆ ಇಟ್ಟ ಹೆಸರು ಎಗ್ಬರ್ಟ್ ರೋಸ್ಕೋ. ಹುಡುಗ ಇನ್ನೂ ಚಿಕ್ಕವನಿರುವಾಗಲೇ ಸಂಸಾರ ದೇಶದ ಇನ್ನೊಂದು ತುದಿಗೆ, ಪಶ್ಚಿಮ ಕರಾವಳಿಯ ವಾಷಿಂಗ್ಟನ್ ಸಂಸ್ಥಾನಕ್ಕೆ ವಲಸೆ ಹೋಯಿತು. ಅಲ್ಲಿ ತಂದೆ ನಾಟಾ ಸಾಗಿಸುವ ರೈಲಿನಲ್ಲಿ ಕೆಲಸಕ್ಕೆ ಸೇರಿದ. ಮಗನೂ ಬೆಳೆದಂತೆ ಕಾಡಿನಲ್ಲಿ ಮರ ಕಡಿಯುವವರ ನಡುವೆ ದುಡಿದ. ಎಗ್ಬರ್ಟ್ ಎಂಬ ಹೆಸರನ್ನು ಬಿಟ್ಟು ಎಡ್ವರ್ಡ್ ಆದದ್ದು ಆಮೇಲೆ.

ಪುಲ್‌ಮನ್ ಊರಿನ ಸರಕಾರಿ ಕಾಲೇಜಿನಲ್ಲಿ ಆತನಿಗೆ ಗುರುವೊಬ್ಬಳು ದೊರೆತಳು. ಹೆಸರು ಐಡಾ ಲೂ ಆಂಡರ್ಸನ್. ಬಾಲ್ಯದಲ್ಲಿ ಪೋಲಿಯೊ ಬಡಿದು ಬೆನ್ನು ಬಾಗಿಹೋಗಿದ್ದ ಆಕೆ ಭಾಷಣಕಲೆಯನ್ನು ಕಲಿಸುತ್ತಿದ್ದಳು. ಮುಂದೆ ಮರೋ ಲಂಡನ್ನಿನಿಂದ ಪ್ರಸಾರ ಮಾಡತೊಡಗಿದಾಗ, ಆರಂಭದ ವಾಕ್ಯದ ಮೊದಲನೆಯ ಪದವಾದ ಮೇಲೆ ಒಂದು ಕ್ಷಣ ನಿಲ್ಲಬೇಕೆಂದು ದೂರದಿಂದಲೇ ಸೂಚಿಸಿದವಳು ಈಕೆ. ಆ ಒಂದು ಕ್ಷಣದ ಮೌನ ಅಮೆರಿಕದ ಮನೆಮನೆಗೂ ಪರಿಚಿತವಾಯಿತು. ಮಾತಿನ ನಡುವಣ ಬಿಡುವು ಕೂಡ ಮಾತೇ ಎಂಬುದನ್ನು ನಮ್ಮ ಹರಿದಾಸರೂ ಗಮಕಿಗಳೂ ಬಲ್ಲರು. ಮರೋಗೆ ಅದನ್ನು ಕಲಿಸಿದವಳು ಈ ಉಪಾಧ್ಯಾಯಿನಿ.

1930ರಲ್ಲಿ ಪದವಿ ಪಡೆದ ಮೇಲೆ ಆತ ವಿದ್ಯಾರ್ಥಿ ಸಂಘಟನೆಯಲ್ಲಿಯೂ, ಬಳಿಕ ಅಂತರರಾಷ್ಟ್ರೀಯ ಶಿಕ್ಷಣ ಸಂಸ್ಥೆಯೊಂದರಲ್ಲಿಯೂ ಕೆಲಸ ಮಾಡಿದ. ಹಿಟ್ಲರನ ಆಳ್ವಿಕೆಯಲ್ಲಿ ನೆಲೆ ತಪ್ಪಿದ ಜರ್ಮನ್ ವಿದ್ವಾಂಸರಿಗೆ ಅಮೆರಿಕದಲ್ಲಿ ಆಶ್ರಯ ಒದಗಿಸುವ ಹೊಣೆಯೂ ಆತನ ಪಾಲಿಗೆ ಬಂದಿತ್ತು. 1935ರಲ್ಲಿ ಸಿ.ಬಿ.ಎಸ್. ಎಂಬ ಪ್ರಸಾರ ಸಂಸ್ಥೆಯನ್ನು ಸೇರಿದ. ಅದೇ ವರ್ಷ ನಮ್ಮ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪುಟ್ಟ ಬಾನುಲಿ ಕೇಂದ್ರವನ್ನು ಸ್ಥಾಪಿಸಿದರು. ಆಕಾಶವಾಣಿ ಎಂಬ ಹೆಸರು ಬಳಕೆಗೆ ಬಂದದ್ದು ಆ ಕೇಂದ್ರದಿಂದ. ಒಂದು ಕಡೆ ಅಧ್ಯಾಪಕರೊಬ್ಬರ ಹವ್ಯಾಸ, ಇನ್ನೊಂದು ಕಡೆ ಜಾಹೀರಾತಿನ ಹಣದಿಂದ ನಡೆಯುವ ಭಾರಿ ಉದ್ಯಮ. ಮರೋನ ಬಾಳಿನ ಕಥೆಯನ್ನು ತಿಳಿಯಬೇಕಾದರೆ ಈ ವ್ಯತ್ಯಾಸವನ್ನು ಮರೆಯಬಾರದು.

ಸಂಸ್ಥೆ ಆತನಿಗೆ ವಹಿಸಿದ್ದು ತಾನು ಮಾತನಾಡುವ ಕೆಲಸವನ್ನಲ್ಲ, ಮಾತನಾಡಬಲ್ಲ ಇತರರನ್ನು ಮೈಕಿನ ಮುಂದೆ ತಂದು ಕೂರಿಸುವ ಕೆಲಸವನ್ನು. 1937ರಲ್ಲಿ ಲಂಡನ್ನಿಗೆ ಕಳುಹಿಸಿದ್ದೂ ಇದಕ್ಕಾಗಿಯೇ. ಆದರೆ 1938ರ ಮಾರ್ಚಿಯಲ್ಲಿ ಹಿಟ್ಲರನು ಆಸ್ಟ್ರಿಯವನ್ನು ನುಂಗಿದಾಗ ಏರ್ಪಾಡೆಲ್ಲ ತಲೆಕೆಳಗಾಯಿತು. ಪೋಲೆಂಡಿನಲ್ಲಿದ್ದ ಮರೋ ಬರ್ಲಿನ್ನಿಗೆ ಹಾರಿ, ಅಲ್ಲಿಂದ ಇಡೀ ವಿಮಾನವೊಂದನ್ನು ಬಾಡಿಗೆಗೆ ಹಿಡಿದು, ತಾನೊಬ್ಬನೇ ಪ್ರಯಾಣಿಕನಾಗಿ ವಿಯೆನ್ನವನ್ನು ಸೇರಿದ. ಮಾರ್ಚಿ 13ರ ರಾತ್ರಿ ಲಂಡನ್, ಪ್ಯಾರಿಸ್, ಬರ್ಲಿನ್, ವಿಯೆನ್ನಗಳಿಂದ ಒಬ್ಬರಾದ ಮೇಲೊಬ್ಬರು ಮಾತನಾಡಿದ ಸುದ್ದಿಸಂಚಯ ಅಮೆರಿಕದ ಕೇಳುಗರಿಗೆ ತಲಪಿತು. ಇಂದು ನಾವು ದಿನವೂ ಕಾಣುವ, ಊರಿಂದೂರಿಗೆ ಜಿಗಿಯುವ ವಾರ್ತಾಪ್ರಸಾರದ ಮೂಲ ಅಲ್ಲಿದೆ. ಮರೋ ವರದಿಗಾರನಾದದ್ದು ಹೀಗೆ. ಆಗ ಆತನಿಗೆ ಮೂವತ್ತು ತುಂಬಿರಲಿಲ್ಲ.

ಆ ಕಾಲದಲ್ಲಿ ಬಾನುಲಿಗೆ ಬೇಕಾದುದು ಗಂಭೀರವಾದ ಕಂಠವೆಂಬ ಭಾವನೆಯಿತ್ತು. ಮರೋ ಜನರನ್ನು ಆರಿಸಿದ್ದು ಕಂಠಕ್ಕಾಗಿ ಅಲ್ಲ, ಬುದ್ಧಿಗಾಗಿ. ವಿಲಿಯಂ ಶೈರರ್‌ನ ಧ್ವನಿ ಪ್ರಸಾರಕ್ಕೆ ಸಲ್ಲದೆಂದು ನ್ಯೂಯಾರ್ಕಿನ ಕಚೇರಿ ಮುಖ ಸಿಂಡರಿಸಿದಾಗ, ಆತನೇ ಬೇಕೆಂದು ಹಟ ಹಿಡಿದು ಗೆದ್ದ. ಎರಿಕ್ ಸೆವರೈಡ್, ಚಾರ್ಲ್ಸ್ ಕಾಲಿಂಗ್‌ವುಡ್ ಮೊದಲಾದವರು ಹೀಗೆ ಆತನ ಬಳಗಕ್ಕೆ ಸೇರಿದರು. ಯುದ್ಧಕಾಲದಲ್ಲಿ ಆತ ಕರೆದರೂ ಬಾರದೆ, ತನ್ನ ವಾರ್ತಾಸಂಸ್ಥೆಯಲ್ಲಿಯೇ ಉಳಿದವನು ವಾಲ್ಟರ್ ಕ್ರಾಂಕೈಟ್. ಮುಂದೆ 1962ರಲ್ಲಿ ಅದೇ ಸಿ.ಬಿ.ಎಸ್.ನ ಸಂಜೆವಾರ್ತೆಯ ಪೀಠ ಈ ಕ್ರಾಂಕೈಟನಿಗೆ ದೊರೆತದ್ದು ವಿಧಿಯ ವಿನೋದ.

1940ರಲ್ಲಿ ಲಂಡನ್ನಿನ ಮೇಲೆ ಜರ್ಮನ್ ಬಾಂಬುಗಳು ಬೀಳತೊಡಗಿದವು. ಧ್ವನಿಮುದ್ರಿಕೆಗಳನ್ನು ವಾರ್ತೆಯಲ್ಲಿ ಬಳಸಕೂಡದೆಂಬುದು ಸಂಸ್ಥೆಯ ಕಟ್ಟುಪಾಡು. ಏನು ಕೇಳಿಸಬೇಕಾದರೂ ಆ ಕ್ಷಣದಲ್ಲಿಯೇ ಕೇಳಿಸಬೇಕು. ಆಗಸ್ಟ್ 24ರ ರಾತ್ರಿ ಅಪಾಯದ ಕೂಗು ಮೊಳಗುತ್ತಿರುವಾಗ ಮರೋ ಟ್ರಫಾಲ್ಗರ್ ಚೌಕದ ಕತ್ತಲಲ್ಲಿ ನಿಂತಿದ್ದ. ಆತ ಹೆಚ್ಚೇನೂ ಹೇಳಲಿಲ್ಲ. ಮೈಕನ್ನು ಕೆಳಗೆ, ನೆಲದ ಬಳಿಗೆ ಇಳಿಸಿ ಹಿಡಿದ. ಆಶ್ರಯದ ಕಡೆಗೆ ಸಾಗುತ್ತಿದ್ದ ಜನರ ಹೆಜ್ಜೆಯ ಸಪ್ಪಳ ಸಮುದ್ರದಾಚೆಯವರಿಗೆ ಕೇಳಿಸಿತು. ಆ ಹೆಜ್ಜೆಗಳು ಓಡುತ್ತಿರಲಿಲ್ಲ, ನಡೆಯುತ್ತಿದ್ದುವು. ಲಂಡನ್ನಿನ ಜನರ ಧೈರ್ಯವನ್ನು ಹೊಗಳಲು ಒಂದು ವಿಶೇಷಣವನ್ನೂ ಖರ್ಚು ಮಾಡದೆ, ಕೇಳುಗನೇ ಅದನ್ನು ಅರಿತುಕೊಳ್ಳುವಂತೆ ಮಾಡಿದ ಆ ಸಂಯಮವೇ ಆತನ ಶೈಲಿ.

ಯುದ್ಧದುದ್ದಕ್ಕೂ ಆತ ಆ ಶೈಲಿಯನ್ನು ಬಿಡಲಿಲ್ಲ. 1943ರ ಡಿಸೆಂಬರಿನಲ್ಲಿ ಬಾಂಬರ್ ವಿಮಾನವನ್ನೇರಿ ಬರ್ಲಿನ್ನಿನ ಮೇಲೆ ಹಾರಿ ಬಂದು ತಾನು ಕಂಡದ್ದನ್ನೂ ತನ್ನ ಭಯವನ್ನೂ ಹೇಳಿದ. 1945ರ ಏಪ್ರಿಲ್ 12ರಂದು ಬುಖೆನ್‌ವಾಲ್ಡ್ ಸೆರೆಶಿಬಿರವನ್ನು ಹೊಕ್ಕು ನೋಡಿದ. ಪ್ರಸಾರ ಮಾಡಿದ್ದು ಮೂರು ದಿನಗಳ ಬಳಿಕ. ಕಂಡದ್ದರಲ್ಲಿ ಒಂದಂಶವನ್ನು ಮಾತ್ರ ಹೇಳಿದ್ದೇನೆ, ಉಳಿದುದಕ್ಕೆ ತನ್ನಲ್ಲಿ ಮಾತಿಲ್ಲವೆಂದು ಒಪ್ಪಿಕೊಂಡ. ಮಾತೇ ಜೀವನವಾದವನು ಮಾತಿನ ಸೋಲನ್ನು ಒಪ್ಪಿಕೊಂಡದ್ದರಿಂದಲೇ ಜನ ಆತನ ಮಾತನ್ನು ನಂಬಿದರೆಂದು ನನಗೆ ತೋರುತ್ತದೆ.

ಯುದ್ಧ ಮುಗಿದ ಮೇಲೆ ಟೆಲಿವಿಷನ್ ಬಂದಿತು. ಮರೋಗೆ ಆ ಪೆಟ್ಟಿಗೆಯ ವಿಷಯದಲ್ಲಿ ಅಂತಹ ಪ್ರೀತಿಯೇನೂ ಇರಲಿಲ್ಲ. ಚಿತ್ರ ಆಲೋಚನೆಯನ್ನು ನುಂಗಿಬಿಟ್ಟೀತೆಂಬ ಅಳುಕು. ಆದರೂ ಫ್ರೆಡ್ ಫ್ರೆಂಡ್ಲಿ ಎಂಬ ಉತ್ಸಾಹಿ ನಿರ್ಮಾಪಕನ ಜೊತೆಗೂಡಿ 1951ರ ನವೆಂಬರ್ 18ರಂದು ‘ಸೀ ಇಟ್ ನೌ’ ಎಂಬ ಕಾರ್ಯಕ್ರಮವನ್ನು ಆರಂಭಿಸಿದ. ಅಟ್ಲಾಂಟಿಕ್ ಮತ್ತು ಪೆಸಿಫಿಕ್ ಮಹಾಸಾಗರಗಳ ದಂಡೆಗಳನ್ನು ಅಂದು ಅಕ್ಕಪಕ್ಕದ ಎರಡು ಪರದೆಗಳಲ್ಲಿ ಒಂದೇ ವೇಳೆಗೆ ತೋರಿಸಿದರು. ವಾರಕ್ಕೆ ಅರ್ಧ ಗಂಟೆ. ಅಲ್ಯೂಮಿನಿಯಂ ತಯಾರಿಸುವ ಆಲ್ಕೋವ ಕಂಪೆನಿ ಹಣ ಕೊಡುತ್ತಿತ್ತು.

ಆ ಅರ್ಧ ಗಂಟೆಗೆ ಎಷ್ಟು ಶಕ್ತಿಯಿದೆಯೆಂಬುದು 1953ರ ಅಕ್ಟೋಬರಿನಲ್ಲಿ ತಿಳಿಯಿತು. ಅಮೆರಿಕದಲ್ಲಿ ಆಗ ಕಮ್ಯೂನಿಸ್ಟರ ಭೀತಿ ಸಾಂಕ್ರಾಮಿಕ ರೋಗದಂತೆ ಹಬ್ಬಿತ್ತು. ವಾಯುದಳದ ಮೀಸಲು ಪಡೆಯ ಲೆಫ್ಟಿನೆಂಟ್ ಮೈಲೋ ರಾಡುಲೋವಿಚ್‌ನನ್ನು, ಆತನ ತಂದೆ ಮತ್ತು ತಂಗಿಯ ಒಲವು ಎಡಪಂಥದ ಕಡೆಗಿದೆಯೆಂಬ ಆರೋಪದ ಮೇಲೆ ಸೇವೆಯಿಂದ ತೆಗೆಯಲು ಹೊರಟಿದ್ದರು. ಆರೋಪದ ಕಾಗದಗಳನ್ನು ತೋರಿಸಲೂ ಇಲ್ಲ. ಮರೋ ಆ ಸಂಸಾರವನ್ನೇ ಪರದೆಯ ಮೇಲೆ ತಂದ. ಐದು ವಾರಗಳೊಳಗೆ ವಾಯುದಳ ತನ್ನ ನಿರ್ಧಾರವನ್ನು ಹಿಂತೆಗೆದುಕೊಂಡಿತು.

1954ರ ಮಾರ್ಚಿ 9ರಂದು ಆ ಭೀತಿಯ ನಾಯಕನಾದ ಸೆನೆಟರ್ ಜೋಸೆಫ್ ಮೆಕಾರ್ಥಿಯ ಸರದಿ. ಮರೋ ಮಾಡಿದ್ದೇನು? ಮೆಕಾರ್ಥಿಯ ಭಾಷಣಗಳ ಚಿತ್ರಸುರುಳಿಗಳನ್ನೇ ಜೋಡಿಸಿ, ನಡುನಡುವೆ ನಿಜಾಂಶವನ್ನು ಎದುರಿಗಿಟ್ಟು ತೋರಿಸಿದ. ಕೊನೆಯಲ್ಲಿ ಮಾತ್ರ, ಭಿನ್ನಾಭಿಪ್ರಾಯವನ್ನು ದ್ರೋಹವೆಂದು ಭಾವಿಸುವುದು ಸಲ್ಲದೆಂದು ತನ್ನ ಮಾತನ್ನು ಸೇರಿಸಿದ. ಸಂಸ್ಥೆ ಆತನನ್ನು ತಡೆಯಲಿಲ್ಲ. ಬೆನ್ನು ತಟ್ಟಲೂ ಇಲ್ಲ. ಪತ್ರಿಕೆಯಲ್ಲಿ ಕಾರ್ಯಕ್ರಮದ ಪ್ರಕಟಣೆ ಕೊಡಲು ಮರೋ ಮತ್ತು ಫ್ರೆಂಡ್ಲಿ ತಮ್ಮ ಜೇಬಿನ ಹಣವನ್ನೇ ಕೊಡಬೇಕಾಯಿತು. ಆ ಪ್ರಕಟಣೆಯಲ್ಲಿ ಸಂಸ್ಥೆಯ ಲಾಂಛನವಿರಲಿಲ್ಲ. ಜನರ ಪತ್ರಗಳೂ ಕರೆಗಳೂ ಬಹುಪಾಲು ಮರೋನ ಪರವಾಗಿ ಬಂದುವು. ಡಿಸೆಂಬರಿನಲ್ಲಿ ಸೆನೆಟ್ ಸಭೆ ಮೆಕಾರ್ಥಿಯನ್ನು 67ಕ್ಕೆ 22 ಮತಗಳಿಂದ ಖಂಡಿಸಿತು. ಆತನನ್ನು ಮರೋ ಒಬ್ಬನೇ ಕೆಡವಿದನೆಂದರೆ ತಪ್ಪಾದೀತು. ಮರೋಗಿಂತ ಮೊದಲೇ ಬರೆದ ಪತ್ರಕರ್ತರಿದ್ದರು, ಆಮೇಲೆ ಸೇನೆಯೊಡನೆ ನಡೆದ ವಿಚಾರಣೆಯಲ್ಲಿ ಮೆಕಾರ್ಥಿ ತನ್ನ ಗೋರಿಯನ್ನು ತಾನೇ ತೋಡಿಕೊಂಡ. ಆದರೆ ಮನೆಯ ನಡುಮನೆಯಲ್ಲಿ ಕುಳಿತವರ ಅಂಜಿಕೆಯನ್ನು ಬಿಡಿಸಿದ ಕೀರ್ತಿ ಆ ಅರ್ಧ ಗಂಟೆಗೆ ಸಲ್ಲುತ್ತದೆ.

ಮರೋನನ್ನು ಸೋಲಿಸಿದ್ದು ಸೆನೆಟರನಲ್ಲ, ಒಂದು ಆಟ. 1955ರ ಜೂನ್ 7ರಂದು, ‘ಸೀ ಇಟ್ ನೌ’ಗೆ ಸ್ವಲ್ಪ ಮುಂಚಿನ ವೇಳೆಯಲ್ಲಿ, ಅರುವತ್ತನಾಲ್ಕು ಸಾವಿರ ಡಾಲರು ಬಹುಮಾನದ ಪ್ರಶ್ನೋತ್ತರ ಸ್ಪರ್ಧೆಯೊಂದು ಆರಂಭವಾಯಿತು. ದೇಶಕ್ಕೆ ದೇಶವೇ ಅದನ್ನು ನೋಡಲು ಕುಳಿತಿತು. ಅಂತಹ ಆಟಕ್ಕೆ ಅಂಟಿಕೊಂಡಿರುವ ಅರ್ಧ ಗಂಟೆಯ ಬೆಲೆ ಒಮ್ಮೆಗೇ ಏರಿಹೋಯಿತು. ಅದನ್ನು ಸುದ್ದಿಗೆಂದು ಬಿಟ್ಟುಕೊಡುವುದು ನಷ್ಟದ ಬಾಬೆಂದು ವ್ಯಾಪಾರದ ಲೆಕ್ಕ ಹೇಳಿತು. ಆಲ್ಕೋವ ಹಿಂದೆ ಸರಿಯಿತು. ಕಾರ್ಯಕ್ರಮ ವಾರದ ಕಟ್ಟಳೆಯನ್ನು ಕಳೆದುಕೊಂಡು ಆಗೊಮ್ಮೆ ಈಗೊಮ್ಮೆ ಬರುವಂತಾಗಿ, 1958ರ ಜುಲೈಯಲ್ಲಿ ನಿಂತೇ ಹೋಯಿತು. ಹಾಗೆ ಜನಪ್ರಿಯವಾದ ಸ್ಪರ್ಧೆಗಳಲ್ಲಿ ಹಲವಕ್ಕೆ ಉತ್ತರಗಳನ್ನು ಮುಂಚಿತವಾಗಿಯೇ ಕೊಡುತ್ತಿದ್ದರೆಂಬ ಹಗರಣ ಬಯಲಾದದ್ದು ಆನಂತರ. ಸತ್ಯದ ಅರ್ಧ ಗಂಟೆಯನ್ನು ಹೊರದೂಡಿದ್ದು ಸುಳ್ಳಿನ ಅರ್ಧ ಗಂಟೆ!

ಆದರೆ ಮರೋನನ್ನು ದೇವಮಾನವನನ್ನಾಗಿ ಮಾಡುವುದು ನನಗಿಷ್ಟವಿಲ್ಲ. ಇದೇ ಮನುಷ್ಯ 1953ರಿಂದ ‘ಪರ್ಸನ್ ಟು ಪರ್ಸನ್’ ಎಂಬ ಇನ್ನೊಂದು ಕಾರ್ಯಕ್ರಮವನ್ನೂ ನಡೆಸುತ್ತಿದ್ದ. ಕೈಯಲ್ಲಿ ಸಿಗರೇಟು ಹಿಡಿದು, ಆರಾಮಕುರ್ಚಿಯಲ್ಲಿ ಕುಳಿತು, ತಾರೆಯರ ಮನೆಯ ಪೀಠೋಪಕರಣಗಳನ್ನು ಕ್ಯಾಮರದ ಮೂಲಕ ನೋಡಿ ಮಾತನಾಡಿಸುವ ಲಘು ಸಲ್ಲಾಪ ಅದು. ಅದಕ್ಕೆ ನೋಡುಗರು ಹೆಚ್ಚು; ಅದರಿಂದ ಬಂದ ಹಣವೂ ಹೆಚ್ಚು. ಒಂದು ಕೈಯಿಂದ ಸಂಸ್ಥೆಗೆ ಲಾಭ ಮಾಡಿಕೊಟ್ಟುದರಿಂದಲೇ ಇನ್ನೊಂದು ಕೈಯಿಂದ ಅದನ್ನು ಎದುರಿಸಲು ಸಾಧ್ಯವಾಯಿತೇನೋ.

1958ರ ಅಕ್ಟೋಬರ್ 12ರಂದು ‘ಸ್ಮಾಲ್ ವರ್ಲ್ಡ್’ ಎಂಬ ಹೊಸ ಕಾರ್ಯಕ್ರಮ ಬಂದಿತು. ದೂರದೂರದ ದೇಶಗಳಲ್ಲಿರುವ ಗಣ್ಯರು ತಂತಿಯ ಮೂಲಕ ಪರಸ್ಪರ ಮಾತನಾಡುವ ಏರ್ಪಾಡು. ಮೊದಲ ದಿನದ ಮೂವರಲ್ಲಿ ದೆಹಲಿಯಿಂದ ಮಾತನಾಡಿದ ನಮ್ಮ ಜವಾಹರಲಾಲ್ ನೆಹರೂ ಒಬ್ಬರು. ಮತ್ತಿಬ್ಬರು ಆಲ್ಡಸ್ ಹಕ್ಸ್‌ಲಿ ಮತ್ತು ಥಾಮಸ್ ಡ್ಯೂಯಿ. ಇಂದಿನ ಚೌಕಗಳ ಚರ್ಚೆಗೆ ಅದನ್ನು ಪೂರ್ವಜವೆನ್ನಬಹುದು. ಒಬ್ಬರು ಮಾತನಾಡುವಾಗ ಉಳಿದವರು ಕೇಳುತ್ತಿದ್ದರೆಂಬುದಷ್ಟೇ ವ್ಯತ್ಯಾಸ.

ಇದಾದ ಮೂರು ದಿನಕ್ಕೆ, ಷಿಕಾಗೊ ನಗರದಲ್ಲಿ ವಾರ್ತಾನಿರ್ದೇಶಕರ ಸಭೆಯಲ್ಲಿ ನಿಂತು ಮರೋ ತನ್ನ ಅನ್ನದಾತರನ್ನೇ ತರಾಟೆಗೆ ತೆಗೆದುಕೊಂಡ. ಜನರಿಗೆ ಕಲಿಸಬಲ್ಲ, ಬೆಳಕು ಕೊಡಬಲ್ಲ ಉಪಕರಣವನ್ನು ಲಾಭಕ್ಕಾಗಿ ಬರಿಯ ತಂತಿ ಮತ್ತು ದೀಪಗಳ ಪೆಟ್ಟಿಗೆಯನ್ನಾಗಿ ಮಾಡುತ್ತಿದ್ದೀರೆಂಬುದು ಆ ಭಾಷಣದ ಸಾರ. ಸಂಸ್ಥೆಯನ್ನು ಕಟ್ಟಿದ ವಿಲಿಯಂ ಪೇಲಿಯೊಡನೆ ಯುದ್ಧಕಾಲದಿಂದ ಬಂದ ಸ್ನೇಹ ಮತ್ತೆ ಕುದುರಲಿಲ್ಲ. ಪೇಲಿಯನ್ನೂ ಒಮ್ಮುಖವಾಗಿ ದೂರಲಾರೆ. ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದವನಾಗಿದ್ದೂ ಹಲವು ವರ್ಷ ಆತ ಮರೋಗೆ ಸ್ಥಳ ಕೊಟ್ಟಿದ್ದ.

1960ರ ನವೆಂಬರಿನಲ್ಲಿ, ಅಮೆರಿಕನ್ನರು ಸುಗ್ಗಿಯ ಕೃತಜ್ಞತೆಯ ಹಬ್ಬವನ್ನು ಉಂಡ ಮರುದಿನವೇ, ‘ಹಾರ್ವೆಸ್ಟ್ ಆಫ್ ಷೇಮ್’ ಪ್ರಸಾರವಾಯಿತು. ಆ ಊಟದ ತರಕಾರಿಯನ್ನು ಕೊಯ್ದ ವಲಸೆ ಕೂಲಿಗಳ ಬವಣೆಯನ್ನು ಅದರಲ್ಲಿ ತೋರಿಸಲಾಗಿತ್ತು. ಮರುವರ್ಷ ಅಧ್ಯಕ್ಷ ಕೆನಡಿ ಆತನನ್ನು ಸರಕಾರದ ಪ್ರಚಾರ ಇಲಾಖೆಗೆ ಮುಖ್ಯಸ್ಥನನ್ನಾಗಿ ನೇಮಿಸಿದ. ಆಗ ನಡೆದುದನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗದು. ತನ್ನದೇ ಆ ಚಿತ್ರವನ್ನು ತೋರಿಸಬೇಡಿರೆಂದು ಮರೋ ಬಿ.ಬಿ.ಸಿ.ಯನ್ನು ಖಾಸಗಿಯಾಗಿ ಕೇಳಿಕೊಂಡ! ಬಿ.ಬಿ.ಸಿ. ಆ ಮಾತಿಗೆ ಒಪ್ಪದೆ ಪ್ರಸಾರ ಮಾಡಿತು. ಮೆಕಾರ್ಥಿಗೆ ಅಂಜದವನು ತಾನು ಕುಳಿತ ಕುರ್ಚಿಗೆ ಅಂಜಿದ. ಮೊದಲ ಬಾರಿ ಇದನ್ನು ಓದಿದಾಗ ನನಗೆ ಬೇಸರವಾಗಿತ್ತು. ಈಗ ಹಾಗಿಲ್ಲ. ಸತ್ಯವನ್ನು ನುಡಿಯುವ ಧೈರ್ಯ ಮನುಷ್ಯನ ಸ್ಥಿರಾಸ್ತಿಯಲ್ಲ, ಅದನ್ನು ಪ್ರತಿ ಸಲವೂ ಹೊಸದಾಗಿಯೇ ಸಂಪಾದಿಸಬೇಕೆಂಬುದನ್ನು ಈ ಪ್ರಸಂಗ ನನಗೆ ಕಲಿಸಿದೆ.

ಸಿಗರೇಟು ಆತನನ್ನು ಬಿಡಲಿಲ್ಲ. ಹೊಗೆಸೊಪ್ಪಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1955ರಷ್ಟು ಹಿಂದೆಯೇ ತನ್ನ ಕಾರ್ಯಕ್ರಮದಲ್ಲಿ ಚರ್ಚೆಗೆ ತಂದವನನ್ನು ಆ ರೋಗವೇ ಹಿಡಿಯಿತು. 1963ರಲ್ಲಿ ಒಂದು ಶ್ವಾಸಕೋಶವನ್ನು ತೆಗೆದರು. 1965ರ ಏಪ್ರಿಲ್ 27ರಂದು, ಐವತ್ತೇಳು ತುಂಬಿದ ಎರಡನೆಯ ದಿನ, ನ್ಯೂಯಾರ್ಕ್ ಸಂಸ್ಥಾನದ ಪಾಲಿಂಗ್‌ನಲ್ಲಿರುವ ತನ್ನ ತೋಟದ ಮನೆಯಲ್ಲಿ ಆತ ತೀರಿಕೊಂಡ.

ಅಷ್ಟರೊಳಗೆ, 1963ರ ಸೆಪ್ಟೆಂಬರಿನಲ್ಲಿ, ಸಿ.ಬಿ.ಎಸ್.ನ ಸಂಜೆವಾರ್ತೆ ಹದಿನೈದು ನಿಮಿಷದಿಂದ ಅರ್ಧ ಗಂಟೆಗೆ ಬೆಳೆದಿತ್ತು. ಮುಂದೆ ಇಪ್ಪತ್ತನಾಲ್ಕು ಗಂಟೆಯೂ ಸುದ್ದಿಯೇ ಎನ್ನುವ ಕಾಲ ಬಂದಿತು. ಮರೋಗೆ ದೊರೆಯದೆ ಹೋದ ವೇಳೆ ಇಂದಿನವರಿಗೆ ಯಥೇಚ್ಛವಾಗಿದೆ. ಆ ವೇಳೆಯನ್ನೆಲ್ಲ ಮಾತಿನಿಂದ ತುಂಬಿಯೇ ತೀರಬೇಕೆಂಬ ಹಟ ಏಕೆ ಬಂದಿತೋ ತಿಳಿಯದು.

ಮೊನ್ನೆ ಮೊಮ್ಮಗಳಿಗೆ ಟ್ರಫಾಲ್ಗರ್ ಚೌಕದ ಕಥೆಯನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹೆಜ್ಜೆಗಳು ಈಗಲೂ ಕೇಳಲು ಸಿಗುತ್ತವೆಯೇ ಎಂದು ವಿಚಾರಿಸಿದಳು. ಹುಡುಕಿದರೆ ಸಿಕ್ಕಬಹುದೆಂದೆ. ಅವಳು ಟೆಲಿವಿಷನ್ನನ್ನು ತಾನಾಗಿಯೇ ಆರಿಸಿ ಬಂದು ಕುಳಿತಳು.