ಪದಗಳ ಕಾಯಕದಲ್ಲಿ ಸವೆದ ಉಪಾಧ್ಯಾಯ: ಸರ್ ಜೇಮ್ಸ್ ಮರ್ರೇ

ಅಪರೂಪದ ಮಾತೊಂದು ಕಿವಿಗೆ ಬಿದ್ದೊಡನೆ ಹಿಗ್ಗುವವರು ಎಲ್ಲ ಭಾಷೆಗಳಲ್ಲಿಯೂ ಉಂಟು. ಆ ಮಾತು ಎಲ್ಲಿಂದ ಬಂದಿತು, ಯಾರು ಅದನ್ನು ಮೊದಲು ಬಳಸಿದರು, ಯಾವ ಅರ್ಥದಲ್ಲಿ ಬಳಸಿದರು ಎಂದು ಬೆನ್ನಟ್ಟಿ ಹೋಗುವವರು ಕೆಲವರು ಮಾತ್ರ. ಈ ಅನ್ವೇಷಣೆಯನ್ನೇ ಮೂವತ್ತಾರು ವರ್ಷಗಳ ಕಾಯಕವನ್ನಾಗಿ ಮಾಡಿಕೊಂಡ ಮಹನೀಯರು ಸರ್ ಜೇಮ್ಸ್ ಆಗಸ್ಟಸ್ ಹೆನ್ರಿ ಮರ್ರೇ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರೆಂದು ಲೋಕವು ಅವರನ್ನು ಬಲ್ಲದು. ಅವರು ಮೂಲತಃ ಶಾಲೆಯ ಉಪಾಧ್ಯಾಯರೆಂಬುದನ್ನು ಬಲ್ಲವರು ಕಡಮೆ.

ಸ್ಕಾಟ್ಲೆಂಡಿನ ಹಾವಿಕ್ ಪಟ್ಟಣದ ಸಮೀಪದ ಡೆನ್‌ಹೋಮ್ ಎಂಬ ಹಳ್ಳಿಯಲ್ಲಿ 1837ರ ಫೆಬ್ರವರಿ 7ರಂದು ಮರ್ರೇಯವರು ಜನಿಸಿದರು. ತಂದೆ ದರ್ಜಿ. ಮನೆಯ ಬಡತನದಿಂದಾಗಿ ಹದಿನಾಲ್ಕನೆಯ ವಯಸ್ಸಿಗೇ ಶಾಲೆಯ ಓದು ನಿಂತುಹೋಯಿತು. ಕಲಿಕೆ ಮಾತ್ರ ನಿಲ್ಲಲಿಲ್ಲ. ಕೈಗೆ ಸಿಕ್ಕ ಪುಸ್ತಕಗಳಿಂದಲೇ ಭಾಷೆಯ ಮೇಲೆ ಭಾಷೆಯನ್ನು ಸ್ವಂತವಾಗಿ ಕಲಿತರು. ಊರಿನ ಹಸುಗಳನ್ನು ಲ್ಯಾಟಿನ್ ಭಾಷೆಯಲ್ಲಿ ಕೂಗಿ ಕರೆದು ಪಳಗಿಸಲು ಈ ಹುಡುಗ ಯತ್ನಿಸಿದನೆಂಬ ವಿನೋದದ ಕಥೆಯೂ ಇದೆ. ಹದಿನೇಳನೆಯ ವಯಸ್ಸಿನಲ್ಲಿ ಹಾವಿಕ್‌ನಲ್ಲಿ ಸಹಾಯಕ ಉಪಾಧ್ಯಾಯರಾಗಿ, ಇಪ್ಪತ್ತಕ್ಕೆ ಅದೇ ಊರಿನ ಮತ್ತೊಂದು ಶಾಲೆಯ ಮುಖ್ಯೋಪಾಧ್ಯಾಯರಾದರು.

1862ರಲ್ಲಿ ವಿವಾಹವಾಯಿತು. ಹುಟ್ಟಿದ ಮಗು ಉಳಿಯಲಿಲ್ಲ. ಪತ್ನಿಯ ಆರೋಗ್ಯವೂ ಕೆಟ್ಟಿತು. ಹವಾ ಬದಲಾವಣೆಗೆಂದು 1864ರಲ್ಲಿ ಲಂಡನ್ನಿಗೆ ಬಂದು, ಭಾರತದೊಡನೆ ವ್ಯವಹಾರವಿದ್ದ ಬ್ಯಾಂಕೊಂದರಲ್ಲಿ ಗುಮಾಸ್ತೆಯ ಕೆಲಸಕ್ಕೆ ಸೇರಿದರು. ಮರುವರ್ಷವೇ ಪತ್ನಿಯೂ ತೀರಿಕೊಂಡರು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಕೆಲಸ ಕೋರಿ 1866ರಲ್ಲಿ ಸಲ್ಲಿಸಿದ ಅರ್ಜಿಯಲ್ಲಿ ಅವರು ತಮಗೆ ಪರಿಚಯವಿದ್ದ ಭಾಷೆಗಳ ಉದ್ದನೆಯ ಪಟ್ಟಿಯನ್ನೇ ಕೊಟ್ಟಿದ್ದರು. ಆ ಅರ್ಜಿ ತಿರಸ್ಕೃತವಾಯಿತು. 1867ರಲ್ಲಿ ಏಡಾ ಎಂಬ ಮಹಿಳೆಯನ್ನು ವರಿಸಿ, ಮುಂದೆ ಹನ್ನೊಂದು ಮಕ್ಕಳ ತಂದೆಯಾದರು. 1870ರಲ್ಲಿ ಲಂಡನ್ನಿನ ಹೊರವಲಯದ ಮಿಲ್ ಹಿಲ್ ಶಾಲೆಯಲ್ಲಿ ಮತ್ತೆ ಪಾಠ ಹೇಳತೊಡಗಿದರು.

ಇತ್ತ ಲಂಡನ್ನಿನ ಭಾಷಾಶಾಸ್ತ್ರ ಸಂಘವು, ಅಂದಿನ ನಿಘಂಟುಗಳಲ್ಲಿ ಸೇರದೆ ಉಳಿದ ಪದಗಳನ್ನು ಸಂಗ್ರಹಿಸಲು 1857ರಲ್ಲಿಯೇ ಸಮಿತಿಯೊಂದನ್ನು ನೇಮಿಸಿತ್ತು. ಬಿಟ್ಟುಹೋದ ಪದಗಳ ಬೇಟೆಯಾಗಿ ಹುಟ್ಟಿದ ಈ ಕೆಲಸ, ಇಂಗ್ಲಿಷಿನ ಪ್ರತಿಯೊಂದು ಪದದ ಜೀವನಚರಿತ್ರೆಯನ್ನೂ ಬರೆಯುವ ಸಂಕಲ್ಪವಾಗಿ ಬೆಳೆಯಿತು. ಮೊದಲ ಸಂಪಾದಕ ಹರ್ಬರ್ಟ್ ಕೋಲ್‌ರಿಜ್ 1861ರಲ್ಲಿ ಅಕಾಲಮರಣಕ್ಕೀಡಾದರು. ಅವರ ತರುವಾಯ ಬಂದ ಫರ್ನಿವಾಲ್ ಅವರಿಗೆ ಉತ್ಸಾಹವಿದ್ದಷ್ಟು ವ್ಯವಸ್ಥೆಯಿರಲಿಲ್ಲ. 1879ರ ಮಾರ್ಚ್ 1ರಂದು ಆಕ್ಸ್‌ಫರ್ಡ್ ಮುದ್ರಣಾಲಯದೊಡನೆ ಒಪ್ಪಂದವಾಗಿ ಹೊಣೆ ಮರ್ರೇಯವರ ಹೆಗಲೇರಿತು. ನಾಲ್ಕು ಸಂಪುಟಗಳು, ಹತ್ತು ವರ್ಷಗಳು ಎಂಬುದು ಅಂದಿನ ಲೆಕ್ಕ.

ಫರ್ನಿವಾಲ್ ಅವರಿಂದ ಸುಮಾರು ಎರಡು ಟನ್ ತೂಕದ ಚೀಟಿಗಳು ಬಂದವು. ಒಂದು ಚೀಲದಲ್ಲಿ ಸತ್ತ ಇಲಿಯಿತ್ತು. ಇನ್ನೊಂದರಲ್ಲಿ ಇಲಿಯ ಸಂಸಾರವೇ ಬೀಡುಬಿಟ್ಟಿತ್ತು. ‘ಎಚ್’ ಅಕ್ಷರದ ಚೀಟಿಗಳು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಪತ್ತೆಯಾದವು. ಮರ್ರೇಯವರು ಶಾಲೆಯ ಆವರಣದಲ್ಲಿ ತಗಡಿನ ಕೊಠಡಿಯೊಂದನ್ನು ಕಟ್ಟಿಸಿ, ಒಳಗೆ ಸಾವಿರಕ್ಕೂ ಮಿಕ್ಕಿದ ಗೂಡುಗಳನ್ನು ಮಾಡಿಸಿ, ಅದಕ್ಕೆ ಸ್ಕ್ರಿಪ್ಟೋರಿಯಂ ಎಂದು ಹೆಸರಿಟ್ಟರು. ಇಂಗ್ಲಿಷ್ ಬಲ್ಲ ಜನರೆಲ್ಲರಿಗೂ ವಿಜ್ಞಾಪನೆ ಹೊರಟಿತು: ಪುಸ್ತಕಗಳನ್ನು ಓದಿರಿ, ಗಮನ ಸೆಳೆದ ಪದವನ್ನು ಚೀಟಿಯ ಮೂಲೆಯಲ್ಲಿ ಬರೆದು, ಗ್ರಂಥ, ವರ್ಷ, ಪುಟಗಳ ಸಮೇತ ಅದು ಬಂದ ವಾಕ್ಯವನ್ನು ನಕಲು ಮಾಡಿ ಕಳುಹಿಸಿರಿ ಎಂದು. ಸಂಭಾವನೆಯಿಲ್ಲದ ಈ ದಾಸೋಹಕ್ಕೆ ಪಾದ್ರಿಗಳು, ಉಪಾಧ್ಯಾಯರು, ಗೃಹಿಣಿಯರು ದೇಶವಿದೇಶಗಳಿಂದ ಕೈಜೋಡಿಸಿದರು.

ಚೀಟಿಗಳನ್ನು ವಿಂಗಡಿಸುತ್ತ ಹೋದಂತೆ ಒಂದು ವಿಚಿತ್ರ ಸಂಗತಿ ಗೋಚರವಾಯಿತು. ‘ಅಬ್ಯೂಷನ್’ ಎಂಬ, ಬಳಕೆ ತಪ್ಪಿದ ಪದಕ್ಕೆ ಸುಮಾರು ಐವತ್ತು ಉದಾಹರಣೆಗಳು ಬಂದಿದ್ದವು. ದಿನಬಳಕೆಯ ‘ಅಬ್ಯೂಸ್’ ಎಂಬ ಪದಕ್ಕೆ ಐದೂ ಇರಲಿಲ್ಲ. ಓದುಗರೆಲ್ಲರೂ ವಿಲಕ್ಷಣ ಪದಗಳ ರುಚಿಗೆ ಮರುಳಾಗಿ ಅವನ್ನೇ ಆರಿಸಿದ್ದರು. ನೆಂಟರನ್ನು ಆದರಿಸುವ ಸಂಭ್ರಮದಲ್ಲಿ ಮನೆಯವರಿಗೆ ಎಲೆ ಹಾಕುವುದನ್ನು ಮರೆತಂತಾಗಿತ್ತು. ಆ ರುಚಿ ಮರ್ರೇಯವರಿಗೇನೂ ಕಡಮೆಯಿರಲಿಲ್ಲ. ಆದರೆ ನಿತ್ಯವೂ ಬಳಕೆಯಾಗುವ ಪದವೇ ಅತ್ಯಂತ ಹೆಚ್ಚು ಅರ್ಥಗಳನ್ನು ಹೊತ್ತು ತಿರುಗುತ್ತದೆಂಬುದನ್ನು ಅವರು ಕಂಡುಕೊಂಡಿದ್ದರು. ಸಾಧಾರಣ ಪದಗಳ ಉದಾಹರಣೆಗಳನ್ನು ಅವರೂ ಅವರ ಸಹಾಯಕರೂ ಹೊತ್ತುಗಳೆದು ಹುಡುಕಬೇಕಾಯಿತು. ಕೆಲಸ ನಿಧಾನವಾಗಲು ಇದೂ ಒಂದು ದೊಡ್ಡ ಕಾರಣ.

ಈ ಸಹಾಯಕರಲ್ಲಿ ಇಬ್ಬರನ್ನಾದರೂ ಸ್ಮರಿಸಬೇಕು. ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅಮೆರಿಕದ ವಿದ್ವಾಂಸ ಫಿಟ್ಜ್‌ಎಡ್ವರ್ಡ್ ಹಾಲ್ ಅವರು, ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಏಕಾಂತವಾಗಿದ್ದು, ಇಪ್ಪತ್ತು ವರ್ಷಗಳ ಕಾಲ ದಿನಕ್ಕೆ ನಾಲ್ಕು ಗಂಟೆಗಳಷ್ಟು ಹೊತ್ತು ಕರಡಚ್ಚುಗಳನ್ನು ತಿದ್ದಿಕೊಟ್ಟರು. ಅವರೂ ಮರ್ರೇಯವರೂ ಒಮ್ಮೆಯೂ ಮುಖಾಮುಖಿಯಾಗಲಿಲ್ಲ. ಇನ್ನೊಬ್ಬರು ವಿಲಿಯಂ ಮೈನರ್. ಅಮೆರಿಕದ ಸೇನಾ ವೈದ್ಯರು. ಚಿತ್ತಭ್ರಮೆಯಲ್ಲಿ 1872ರಲ್ಲಿ ಒಬ್ಬ ಕೂಲಿಯನ್ನು ಕೊಂದು, ಬ್ರಾಡ್‌ಮೂರ್ ಮಾನಸಿಕ ಆಸ್ಪತ್ರೆಯಲ್ಲಿ ಬಂಧಿತರಾಗಿದ್ದವರು. ಅವರು ತಮ್ಮ ಹಳೆಯ ಪುಸ್ತಕಗಳಿಗೆ ಪದಸೂಚಿಗಳನ್ನು ಮಾಡಿಟ್ಟುಕೊಂಡು, ಸಂಪಾದಕರಿಗೆ ಯಾವಾಗ ಯಾವ ಪದ ಬೇಕೋ ಅದನ್ನು ಒದಗಿಸುತ್ತಿದ್ದರು. ಮರ್ರೇಯವರು ಅಲ್ಲಿಗೆ ಹೋಗಿ ಅವರನ್ನು ಕಂಡು ಬರುತ್ತಿದ್ದರು. ಮನೆಯ ಮಕ್ಕಳೂ ಬಿಡುವಾದಾಗ ಚೀಟಿಗಳನ್ನು ಅಕಾರಾದಿಯಾಗಿ ಜೋಡಿಸಿ ಕೈಖರ್ಚಿನ ಕಾಸು ಗಳಿಸುತ್ತಿದ್ದರು.

1884ರಲ್ಲಿ ಮೊದಲ ಸಂಚಿಕೆ ಹೊರಬಿತ್ತು. ಐದು ವರ್ಷಗಳ ದುಡಿಮೆಯಿಂದ ಬಂದದ್ದು 352 ಪುಟಗಳು. ಮುಟ್ಟಿದ್ದು ‘ಆಂಟ್’ ಎಂಬ ಪದದವರೆಗೆ, ಅಂದರೆ ಇರುವೆಯವರೆಗೆ! ಕೆಲಸದ ವೇಗವೂ ಇರುವೆಯದೇ ಎಂದು ಮುದ್ರಣಾಲಯದ ಅಧಿಕಾರಿಗಳಿಗೆ ತೋರಿದ್ದರೆ ಆಶ್ಚರ್ಯವಿಲ್ಲ. ಬೇಗ ಮುಗಿಸಬೇಕು, ಉದಾಹರಣೆಗಳನ್ನು ಮೊಟಕು ಮಾಡಬೇಕು ಎಂಬ ಒತ್ತಾಯ ಬೆಳೆಯಿತು. ಮರ್ರೇಯವರು 1885ರಲ್ಲಿ ಶಾಲೆಯನ್ನು ಬಿಟ್ಟು ಆಕ್ಸ್‌ಫರ್ಡಿಗೆ ಬಂದು, ಮನೆಯ ಹಿತ್ತಲಲ್ಲಿ ಮತ್ತೊಂದು ತಗಡಿನ ಕೊಠಡಿಯನ್ನು ಕಟ್ಟಿಸಿದರು. ನೆರೆಮನೆಯವರ ನೋಟಕ್ಕೆ ಅಡ್ಡಿಯಾಗದಿರಲೆಂದು ಅದರ ನೆಲವನ್ನು ಅಗೆದು ತಗ್ಗಿಸಬೇಕಾಯಿತು. ಚಳಿಗಾಲದಲ್ಲಿ ಅವರು ಕಾಲುಗಳನ್ನು ಪೆಟ್ಟಿಗೆಯೊಳಗಿಟ್ಟುಕೊಂಡು ಬರೆಯುತ್ತಿದ್ದರು. ಸಹಾಯಕರ ವೇತನವನ್ನೂ ತಮಗೆ ಬರುವ ಹಣದಲ್ಲಿಯೇ ಭರಿಸಬೇಕಾಗಿದ್ದ ಆರಂಭದ ವರ್ಷಗಳು ದೊಡ್ಡ ಸಂಸಾರಿಗೆ ಕಷ್ಟದವು. ಆದರೂ ಒಂದು ಪದದ ಚರಿತ್ರೆಯನ್ನು ಅರ್ಧಕ್ಕೆ ಬಿಡಲು ಅವರು ಒಪ್ಪಲಿಲ್ಲ.

ಇಷ್ಟು ಎಚ್ಚರವಿದ್ದರೂ ಲೋಪಗಳಾದವು. ದಾಸಿ ಎಂಬರ್ಥದ ‘ಬಾಂಡ್‌ಮೇಡ್’ ಪದದ ಚೀಟಿಗಳು ಎಲ್ಲಿಯೋ ಅಡಗಿ, ಆ ಸಂಪುಟ ಅಚ್ಚಾದ ಮೇಲೆ ಸಿಕ್ಕಿದವು. ಆ ಪದ 1933ರ ಪುರವಣಿಯವರೆಗೆ ಕಾಯಬೇಕಾಯಿತು. ‘ಅಪೆಂಡಿಸೈಟಿಸ್’ ಎಂಬುದನ್ನು ವೈದ್ಯರ ಪರಿಭಾಷೆಯೆಂದು ಬಿಟ್ಟಿದ್ದರು. 1902ರಲ್ಲಿ ಅದೇ ರೋಗದಿಂದ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕ ಮುಂದೂಡಲ್ಪಟ್ಟು ಆ ಪದ ಊರೂರಿನ ಬಾಯಲ್ಲಿ ಸೇರಿತು. ನಿಘಂಟಿನಲ್ಲಿ ಮಾತ್ರ ಇರಲಿಲ್ಲ.

ನಮ್ಮ ನಾಡಿನ ನಂಟೂ ಈ ಕೃತಿಗಿದೆ. ಬೆಲ್ಲವೆಂಬ ಅರ್ಥದ ‘ಜಾಗರಿ’ ಪದ ಪೋರ್ಚುಗೀಸರ ನಾಲಗೆಯಿಂದ ಇಂಗ್ಲಿಷಿಗೆ ಬಂದುದು. ಸಂಸ್ಕೃತದ ಶರ್ಕರಾ, ಕನ್ನಡದ ಸಕ್ಕರೆಗಳ ಬಂಧು. ಆ ಅಕ್ಷರದ ಭಾಗವನ್ನು ಸಂಪಾದಿಸಿದವರೂ ಮರ್ರೇಯವರೇ. 1995ರಲ್ಲಿ ಪೂರ್ಣಗೊಂಡ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕೂಡ, ಶಾಸನ ಕಾವ್ಯಗಳ ಪ್ರಯೋಗಗಳನ್ನಿಟ್ಟು ಅರ್ಥ ಹೇಳುವ ಈ ಐತಿಹಾಸಿಕ ಮಾರ್ಗದಲ್ಲಿಯೇ ಸಾಗಿದೆ.

1908ರಲ್ಲಿ ಸರ್ ಪದವಿ ಬಂದಿತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ತನ್ನ ಗೌರವ ಡಾಕ್ಟರೇಟನ್ನು ಕೊಟ್ಟುದು 1914ರಲ್ಲಿ, ಅವರ ಎಪ್ಪತ್ತೇಳನೆಯ ವಯಸ್ಸಿನಲ್ಲಿ. ಇಷ್ಟು ತಡವಾದುದು ಆ ವಿದ್ಯಾಕೇಂದ್ರಕ್ಕೆ ಶೋಭೆ ತರುವ ಸಂಗತಿಯಲ್ಲ. ನಿಘಂಟನ್ನು ಮುಗಿಸಿಯೇ ಕಣ್ಣು ಮುಚ್ಚಬೇಕೆಂಬ ಅವರ ಹಂಬಲ ಈಡೇರಲಿಲ್ಲ. ‘ಟಿ’ ಅಕ್ಷರದ ಕೆಲಸದಲ್ಲಿದ್ದಾಗ, 1915ರ ಜುಲೈ 26ರಂದು, ಶ್ವಾಸಕೋಶದ ಪೊರೆಯ ಉರಿಯೂತದಿಂದ ನಿಧನರಾದರು. ಒಟ್ಟು ಕೃತಿಯ ಅರ್ಧದಷ್ಟು ಅವರ ಕೈಯಿಂದಲೇ ಆಗಿತ್ತು. ಉಳಿದುದನ್ನು ಬ್ರಾಡ್ಲಿ, ಕ್ರೇಗಿ, ಆನಿಯನ್ಸ್ ಎಂಬ ಸಹಸಂಪಾದಕರು ನಡೆಸಿದರು. ಅವರಲ್ಲಿ ಬ್ರಾಡ್ಲಿಯವರೂ ಕೊನೆಯನ್ನು ಕಾಣಲಿಲ್ಲ. 1928ರಲ್ಲಿ 4,14,825 ಪದಗಳೂ 18,27,306 ಉದಾಹರಣೆಗಳೂ ಉಳ್ಳ ನಿಘಂಟು ಸಮಾಪ್ತಿಗೊಂಡಿತು. ‘ಅಬ್ಯೂಷನ್’ ಅದರಲ್ಲಿದೆ, ‘ಅಬ್ಯೂಸ್’ ಸಹ, ತನ್ನೆಲ್ಲ ಅರ್ಥಗಳೊಡನೆ.