ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟ ರಾಮನ್ (ನವೆಂಬರ್ 7, 1888 – ನವೆಂಬರ್ 21, 1970) ಭಾರತದ ಭೌತವಿಜ್ಞಾನಿ. ಬೆಳಕಿನ ಚದುರುವಿಕೆಯನ್ನು ಕುರಿತ ಸಂಶೋಧನೆಗಾಗಿ 1930ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಬದುಕಿನ ಕೊನೆಯ ದಶಕದಲ್ಲಿ ಅವರು ಬೆಂಗಳೂರಿನಲ್ಲಿ ಮಾನವನ ದೃಷ್ಟಿಯನ್ನು ಅಧ್ಯಯನ ಮಾಡಿದರು.

ಜೀವನ

ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿದರು. ಬಿಡುವಿನ ವೇಳೆಯಲ್ಲಿ ಪ್ರಯೋಗಗಳನ್ನು ನಡೆಸುತ್ತಿದ್ದ ಅವರು 1917ರಲ್ಲಿ ಸರ್ಕಾರಿ ಹುದ್ದೆಯನ್ನು ತೊರೆದು ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದರು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮವನ್ನು ಗುರುತಿಸಿದರು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. 1937ರಲ್ಲಿ ಆ ಸ್ಥಾನವನ್ನು ಬಿಟ್ಟರೂ 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದು, ಬಳಿಕ ತಾವು ಸ್ಥಾಪಿಸಿದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮುಂದುವರಿಸಿದರು. 1954ರಲ್ಲಿ ಅವರಿಗೆ ಭಾರತರತ್ನ ದೊರೆಯಿತು.

ದೃಷ್ಟಿಯ ಅಧ್ಯಯನ

ರಾಮನ್ ತಮ್ಮ ಕಣ್ಣನ್ನೇ ಪ್ರಯೋಗದ ಸಾಧನವಾಗಿಸಿಕೊಂಡರು. ಬಣ್ಣದ ಶೋಧಕವನ್ನು ಕಣ್ಣಿನ ಮುಂದೆ ಹಿಡಿದು ಪ್ರಕಾಶಮಾನವಾದ ಬಿಳಿ ಪರದೆಯನ್ನು ದಿಟ್ಟಿಸಿ, ಶೋಧಕವನ್ನು ಥಟ್ಟನೆ ಸರಿಸಿದಾಗ ಪರದೆಯ ಮೇಲೆ ಕಾಣುವ ಚಿತ್ರವು ತಮ್ಮದೇ ಅಕ್ಷಿಪಟದ ಹಿಗ್ಗಿದ ರೂಪವೆಂದು ಅವರು ವಿವರಿಸಿದರು. ಬೆಳಕಿನ ಕಣಸ್ವರೂಪವೇ ದೃಷ್ಟಿಗೆ ಆಧಾರವೆಂದು ವಾದಿಸಿದರು. ಈ ವಿಚಾರಗಳನ್ನೊಳಗೊಂಡ ಅವರ ಗ್ರಂಥ 1968ರಲ್ಲಿ ಪ್ರಕಟವಾಯಿತು.

ಮೂರು ಮೂಲವರ್ಣಗಳ ಗ್ರಹಿಕೆಯಿಂದ ಎಲ್ಲ ಬಣ್ಣಗಳೂ ಕಾಣುತ್ತವೆಂಬ ಯಂಗ್–ಹೆಲ್ಮ್‌ಹೋಲ್ಟ್ಸ್ ಸಿದ್ಧಾಂತವನ್ನು ರಾಮನ್ ತಿರಸ್ಕರಿಸಿದರು. ಆದರೆ ಅಕ್ಷಿಪಟದಲ್ಲಿ ಮೂರು ಬಗೆಯ ಶಂಕುಕೋಶಗಳಿರುವುದನ್ನು 1964ರಲ್ಲಿ ಅಮೆರಿಕದಲ್ಲಿ ನಡೆದ ನೇರ ಅಳತೆಗಳು ತೋರಿಸಿದ್ದವು. ಹೀಗಾಗಿ ಅವರ ವರ್ಣಸಿದ್ಧಾಂತಕ್ಕೆ ವಿಜ್ಞಾನಿಗಳ ಮನ್ನಣೆ ದೊರೆಯಲಿಲ್ಲ.

ದೃಷ್ಟಿಯ ಮಿತಿ ಮತ್ತು ಪರದೆಗಳು

ಕಣ್ಣು ಎಷ್ಟು ಸೂಕ್ಷ್ಮ ವಿವರವನ್ನು ಬೇರ್ಪಡಿಸಬಲ್ಲದೆಂಬ ಪ್ರಶ್ನೆ ಇಂದು ಮೊಬೈಲ್ ಪರದೆಗಳಿಂದಾಗಿ ಎಲ್ಲರಿಗೂ ಹತ್ತಿರವಾಗಿದೆ. ಶಂಕುಕೋಶಗಳ ನಡುವಿನ ಅಂತರ ಹಾಗೂ ಪಾಪೆಯಲ್ಲಿ ಬೆಳಕು ಬಾಗುವಿಕೆಯಿಂದಾಗಿ, ಸಾಮಾನ್ಯ ದೃಷ್ಟಿಯ ಮಿತಿ ಸುಮಾರು 1 ಕೋನನಿಮಿಷ, ಅಂದರೆ ಒಂದು ಡಿಗ್ರಿಯ 60ನೇ ಒಂದು ಭಾಗ. 30 ಸೆಂಟಿಮೀಟರ್ ದೂರದಲ್ಲಿ ಇದು ಸುಮಾರು 0.09 ಮಿಲಿಮೀಟರಿಗೆ ಸಮ. ಆದ್ದರಿಂದ ಪ್ರತಿ ಅಂಗುಲಕ್ಕೆ ಸುಮಾರು 290 ಪಿಕ್ಸೆಲ್‌ಗಳಿದ್ದರೆ ಅಷ್ಟು ದೂರದಿಂದ ಅವು ಬಿಡಿಬಿಡಿಯಾಗಿ ಕಾಣುವುದಿಲ್ಲ. ಚುರುಕು ಕಣ್ಣಿನವರಿಗೆ ಈ ಸಂಖ್ಯೆ ಇನ್ನೂ ಹೆಚ್ಚಬೇಕಾಗುತ್ತದೆ. ಮಂದ ಬೆಳಕಿನಲ್ಲಿ ಕಣ್ಣಿಗೆ ತಲುಪುವ ಬೆಳಕಿನ ಕಣಗಳು ಕಡಿಮೆಯಾಗುವುದರಿಂದ ಸೂಕ್ಷ್ಮ ವಿವರಗಳು ಮಸುಕಾಗುತ್ತವೆ. ರಾಮನ್ ಒತ್ತಿ ಹೇಳಿದ ಕಣಸ್ವರೂಪದ ಪಾತ್ರ ಇಲ್ಲಿ ಸ್ಪಷ್ಟವಾಗಿದೆ.

ನಿಧನ

ರಾಮನ್ 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ನಿಧನರಾದರು. ಅವರ ಅಂತ್ಯಕ್ರಿಯೆ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲಿಯೇ ನಡೆಯಿತು. ಫೆಬ್ರವರಿ 28ನ್ನು ಭಾರತದಲ್ಲಿ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತದೆ.