ಆರಡಿ ಹುಡುಗ, ಪುಟ್ಟ ಬೈಕು: ಮಾರ್ಕೊ ಸಿಮೊಂಚೆಲ್ಲಿಯ ಕಥೆ

ನಮ್ಮ ಕ್ಲಾಸಲ್ಲಿ ಒಬ್ಬ ಇದ್ದಾನೆ, ಆರಡಿ ಎರಡಿಂಚು. ನಾವೆಲ್ಲ ಕರೆಯೋದು ಲಂಬು ಅಂತ. ಮನೇಲಿ ಒಂದು ವರ್ಷ ಕಾಡಿ ಬೇಡಿ, ಕೊನೆಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಬೈಕ್ ತಗೊಂಡ. ನೋಡೋಕೆ ಬೈಕು ಸೂಪರ್. ಅವನು ಹತ್ತಿ ಕೂತ್ರೆ ಮಾತ್ರ ಮಕ್ಕಳ ತ್ರಿಚಕ್ರ ಸೈಕಲ್ ಮೇಲೆ ದೊಡ್ಡಪ್ಪ ಕೂತಂಗೆ ಕಾಣ್ತಿತ್ತು. ಜಾಲಹಳ್ಳಿ ಕ್ರಾಸಿಂದ ಗಂಗಮ್ಮ ಸರ್ಕಲ್ ತಲುಪೋಷ್ಟರಲ್ಲಿ ಮಂಡಿ ನೋವು ಶುರು.

ಒಂದು ಭಾನುವಾರ ನಂದಿಬೆಟ್ಟಕ್ಕೆ ಹೋಗಿ ವಾಪಸ್ ಬರ್ತಿದ್ವಿ. ಬಿಇಎಲ್ ಸರ್ಕಲ್ ಹತ್ರ ಮುಂದಿದ್ದ ಕಾರು ಗಕ್ಕನೆ ನಿಂತಿತು. ಲಂಬುವಿನ ಬೆರಳು ಮರಗಟ್ಟಿ ಹೋಗಿದ್ದವು, ಬ್ರೇಕ್ ಹಿಡಿಯೋದು ಅರೆಕ್ಷಣ ತಡವಾಯ್ತು. ಕಾರಿನ ಬಂಪರಿಗೂ ಅವನ ಮುಂದಿನ ಚಕ್ರಕ್ಕೂ ಒಂದು ಗೇಣು ಜಾಗ ಉಳಿದಿತ್ತು, ಅಷ್ಟೆ. ಅವತ್ತು ರಾತ್ರಿ ಹಾಸ್ಟೆಲಿನಲ್ಲಿ ಬೈಕ್ ಮಾರೋದಾ, ಇಟ್ಕೊಳ್ಳೋದಾ ಅನ್ನೋ ಚರ್ಚೆ ನಡೀತು. ಆಗ ನಮಗೆ ನೆನಪಾದವನು ಮಾರ್ಕೊ ಸಿಮೊಂಚೆಲ್ಲಿ. ಅವನು ತೀರಿಹೋದಾಗ ನಾವೆಲ್ಲ ಇನ್ನೂ ಚಿಕ್ಕ ಮಕ್ಕಳು. ಇವತ್ತು ಮೋಟೋಜಿಪಿ ನೋಡೋರಲ್ಲೂ ಎಷ್ಟೋ ಜನಕ್ಕೆ ಅವನು ಬರೀ ಒಂದು ಹೆಸರು. ಹಾಗಾಗಿ ಈ ಸಲ ಅವನ ಬಗ್ಗೆ ಬರೀತಿದ್ದೀವಿ.

ಮಾರ್ಕೊ ಹುಟ್ಟಿದ್ದು 1987ರ ಜನವರಿ 20ರಂದು, ಇಟಲಿಯ ಸಮುದ್ರ ತೀರದ ಕತ್ತೋಲಿಕಾದಲ್ಲಿ. ಬೆಳೆದಿದ್ದು ಪಕ್ಕದ ಕೊರಿಯಾನೊ ಅನ್ನೋ ಸಣ್ಣ ಊರಲ್ಲಿ. ನಮ್ಮ ಕಡೆ ಪ್ರತಿ ಗಲ್ಲಿಯಲ್ಲೂ ಕ್ರಿಕೆಟ್ ಇದ್ದಂಗೆ ಆ ಸೀಮೆಯಲ್ಲಿ ಬೈಕ್ ರೇಸು. ವ್ಯಾಲೆಂಟಿನೊ ರೋಸ್ಸಿಯ ಊರು ತವುಲ್ಲಿಯಾ ಅಲ್ಲೇ ಹತ್ತಿರ. ಮಾರ್ಕೊ ಚಿಕ್ಕಂದಿನಲ್ಲೇ ಮಿನಿಬೈಕ್ ಹತ್ತಿ, 1999 ಮತ್ತು 2000ದಲ್ಲಿ ಇಟಲಿಯ ಮಿನಿಬೈಕ್ ಚಾಂಪಿಯನ್ ಆದ. 2002ರಲ್ಲಿ 125 ಸಿಸಿ ಯುರೋಪಿಯನ್ ಚಾಂಪಿಯನ್ ಆಗಿ, ಅದೇ ವರ್ಷ ಚೆಕ್ ದೇಶದ ಬ್ರನೋದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ಗೂ ಕಾಲಿಟ್ಟ. ಆಗ ಅವನ ವಯಸ್ಸು ಹದಿನೈದು.

ಕಷ್ಟ ಶುರುವಾಗಿದ್ದು ಇಲ್ಲಿಂದ. ಹುಡುಗ ಬೆಳೀತಾನೇ ಹೋದ. ಕೊನೆಗೆ ನಿಂತಿದ್ದು 183 ಸೆಂಟಿಮೀಟರಿಗೆ, ಅಂದ್ರೆ ಸರಿಯಾಗಿ ಆರಡಿ. 125 ಸಿಸಿ ರೇಸ್ ಬೈಕು ಕುಳ್ಳಗಿನ, ಹಗುರ ಹುಡುಗರಿಗೇ ಹೇಳಿ ಮಾಡಿಸಿದ ಯಂತ್ರ. ಇಂಜಿನ್ ಶಕ್ತಿ ಐವತ್ತು ಅಶ್ವಶಕ್ತಿಯ ಆಸುಪಾಸು. ಅಷ್ಟು ಕಮ್ಮಿ ಶಕ್ತಿ ಇದ್ದಾಗ ಹತ್ತು ಕಿಲೋ ಜಾಸ್ತಿ ತೂಕ ಅನ್ನೋದು ಸಣ್ಣ ವಿಷಯ ಅಲ್ಲ.

ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಲ್ಲಿ ನಿದ್ದೆ ಮಾಡದೆ ಇದ್ದೋರಿಗೆ ಗೊತ್ತು: ಗಾಳಿಯ ಎಳೆತ ಮುಂಭಾಗದ ವಿಸ್ತೀರ್ಣಕ್ಕೆ ತಕ್ಕಂತೆ ಏರುತ್ತೆ, ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಅದನ್ನ ಗೆಲ್ಲೋಕೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ. ಕುಳ್ಳ ಸವಾರ ಫೇರಿಂಗ್ ಹಿಂದೆ ಪೂರ್ತಿ ಮರೆಯಾಗ್ತಾನೆ. ಆರಡಿಯವನ ಭುಜ, ಮಂಡಿ, ಮೊಣಕೈ ಹೊರಗೆ ಉಳಿದು ಗಾಳಿ ಹಿಡಿಯುತ್ತವೆ. ಅದರ ಮೇಲೆ ಗುರುತ್ವ ಕೇಂದ್ರದ ಲೆಕ್ಕ. ಅದು ಮೇಲೆ ಹೋದಷ್ಟೂ ಬ್ರೇಕ್ ಹಿಡಿದಾಗ ಮುಂದಿನ ಚಕ್ರದ ಮೇಲೆ ಬೀಳೋ ಭಾರ ಹೆಚ್ಚು, ಹಿಂದಿನ ಚಕ್ರ ಬೇಗ ಹಗುರಾಗುತ್ತೆ.

ಇಷ್ಟೆಲ್ಲ ಇದ್ರೂ 2004ರಲ್ಲಿ ಸ್ಪೇನಿನ ಹೆರೆಸ್ ಸರ್ಕ್ಯೂಟಿನಲ್ಲಿ, ಒದ್ದೆ ರಸ್ತೆಯಲ್ಲಿ, ಮಾರ್ಕೊ ತನ್ನ ಮೊದಲ ಗ್ರಾಂಪ್ರಿ ಗೆದ್ದ. ಮಳೆಯಲ್ಲಿ ಇಂಜಿನ್ ಶಕ್ತಿಗಿಂತ ಹಿಡಿತ, ಸಮತೋಲನ ಮುಖ್ಯ ಅಲ್ವಾ! ಮುಂದಿನ ವರ್ಷ ಅದೇ ಹೆರೆಸಿನಲ್ಲಿ ಇನ್ನೊಂದು ಗೆಲುವು, ವರ್ಷದ ಕೊನೆಗೆ ಐದನೇ ಸ್ಥಾನ.

2006ರಲ್ಲಿ 250 ಸಿಸಿಗೆ ಹೋದ, ಜಿಲೇರಾ ತಂಡಕ್ಕೆ. ದೊಡ್ಡ ಬೈಕು ಸಿಕ್ಕ ತಕ್ಷಣ ಎಲ್ಲ ಸರಿಹೋಯ್ತು ಅಂದ್ಕೋಬೇಡಿ. ಆ ವರ್ಷ ಹತ್ತನೇ ಸ್ಥಾನ, ಮರುವರ್ಷವೂ ಹತ್ತನೇ ಸ್ಥಾನ. 2008ರಲ್ಲಿ ಮೊದಲೆರಡು ರೇಸಿನಲ್ಲಿ ಒಂದು ಅಂಕವೂ ಬರಲಿಲ್ಲ. ಆಮೇಲೆ ಇಟಲಿಯ ಮುಜೆಲ್ಲೊದಲ್ಲಿ, ತನ್ನ ಜನರ ಎದುರು, 250 ಸಿಸಿಯ ಮೊದಲ ಗೆಲುವು. ಆ ವರ್ಷ ಒಟ್ಟು ಆರು ರೇಸ್ ಗೆದ್ದ. ಅಕ್ಟೋಬರ್ 19ರಂದು ಮಲೇಷ್ಯಾದ ಸೆಪಾಂಗಿನಲ್ಲಿ ಮೂರನೆಯವನಾಗಿ ಗೆರೆ ದಾಟಿದಾಗ ವಿಶ್ವ ಚಾಂಪಿಯನ್ ಪಟ್ಟ ಖಾತ್ರಿಯಾಯ್ತು. ಸೆಪಾಂಗ್ ಅನ್ನೋ ಹೆಸರು ನೆನಪಿಟ್ಕೊಳ್ಳಿ.

ಉದ್ದ ದೇಹಕ್ಕೆ ಪುಟ್ಟ ರೇಸ್ ಬೈಕು ಹೊಂದಿಸೋದು ಹೇಗೆ? ಚಾಸಿಯನ್ನೇ ಹಿಗ್ಗಿಸೋಕೆ ಆಗಲ್ಲ. ತಂಡಗಳು ಕೈ ಹಾಕೋದು ಮೂರು ಬಿಂದುಗಳಿಗೆ: ಹ್ಯಾಂಡಲ್, ಸೀಟು, ಫುಟ್‌ರೆಸ್ಟ್. ಈ ಮೂರೂ ಸೇರಿ ಒಂದು ತ್ರಿಕೋನ. ಸೀಟಿನ ಫೋಮ್ ದಪ್ಪ ಬದಲಿಸ್ತಾರೆ, ಫುಟ್‌ರೆಸ್ಟ್ ಪ್ಲೇಟಿನಲ್ಲಿ ಬೇರೆ ತೂತಿಗೆ ಬೋಲ್ಟ್ ಹಾಕ್ತಾರೆ, ಹ್ಯಾಂಡಲಿನ ಕೋನ ತಿರುಗಿಸ್ತಾರೆ, ವಿಂಡ್‌ಸ್ಕ್ರೀನ್ ಎತ್ತರಿಸ್ತಾರೆ. ಐದು ಮಿಲಿಮೀಟರ್ ಬದಲಾದ್ರೂ ಸವಾರನಿಗೆ ಗೊತ್ತಾಗುತ್ತೆ.

2010ರಲ್ಲಿ ಮಾರ್ಕೊ ಮೋಟೋಜಿಪಿಗೆ ಬಂದ. ಗ್ರೆಸಿನಿ ತಂಡದ ಹೋಂಡಾ, ನಂಬರ್ 58, ಹೆಲ್ಮೆಟ್ ತೆಗೆದ್ರೆ ಕಾಡಿನಂಥ ಗುಂಗುರು ಕೂದಲು. ಇಲ್ಲಿ ಇಂಜಿನ್ 800 ಸಿಸಿ, ಶಕ್ತಿ ಇನ್ನೂರು ಅಶ್ವಶಕ್ತಿಗಿಂತ ಜಾಸ್ತಿ. ಕನಿಷ್ಠ ತೂಕದ ನಿಯಮ ಇದ್ದಿದ್ದು ಬೈಕಿಗೆ ಮಾತ್ರ, ಸವಾರನನ್ನ ಸೇರಿಸಿ ಅಲ್ಲ. ಅದೇ ಹೋಂಡಾ ಓಡಿಸ್ತಿದ್ದ ಡ್ಯಾನಿ ಪೆಡ್ರೋಸಾ ಸುಮಾರು 160 ಸೆಂಟಿಮೀಟರ್ ಎತ್ತರದವನು, ಬಹಳ ಹಗುರ. ಒಂದೇ ಕಂಪನಿಯ ಯಂತ್ರ, ಎರಡು ಬೇರೆ ಬೇರೆ ಲೋಕದ ದೇಹ.

ಮಾರ್ಕೊ ಎಲ್ಲರಿಗೂ ಪ್ರಿಯನಾಗಿದ್ದ ಅಂತ ನಾವು ಹೇಳಲ್ಲ. ಅವನ ಓಡಿಸೋ ರೀತಿ ಒರಟು ಅನ್ನೋ ದೂರು ಜೊತೆ ಸವಾರರದ್ದೇ. 2011ರಲ್ಲಿ ಫ್ರಾನ್ಸಿನ ಲೆ ಮಾನ್‌ನಲ್ಲಿ ಅವನ ಜೊತೆ ತಗುಲಿ ಬಿದ್ದು ಪೆಡ್ರೋಸಾನ ಕೊರಳೆಲುಬು ಮುರೀತು, ಮಾರ್ಕೊಗೆ ದಂಡನೆ ಆಯ್ತು. ಆ ಬಿರುಸೇನೋ ಕಮ್ಮಿ ಆಗಲಿಲ್ಲ, ಆದ್ರೆ ಫಲಿತಾಂಶ ಬರೋಕೆ ಶುರುವಾಯ್ತು. ಅದೇ ವರ್ಷ ಎರಡು ಪೋಲ್ ಪೊಸಿಷನ್, ಬ್ರನೋದಲ್ಲಿ ಮೂರನೇ ಸ್ಥಾನ, ಅಕ್ಟೋಬರ್ 16ರಂದು ಆಸ್ಟ್ರೇಲಿಯಾದಲ್ಲಿ ಎರಡನೇ ಸ್ಥಾನ. ಉಳಿದಿದ್ದು ಒಂದೇ ಮೆಟ್ಟಿಲು.

ಮುಂದಿನ ಭಾನುವಾರ, ಅಕ್ಟೋಬರ್ 23, ಸೆಪಾಂಗ್. ಎರಡನೇ ಸುತ್ತು, ಹನ್ನೊಂದನೇ ತಿರುವು. ಮುಂದಿನ ಚಕ್ರ ಜಾರಿತು. ಸಾಮಾನ್ಯವಾಗಿ ಹಾಗೆ ಬಿದ್ದ ಬೈಕು ತಿರುವಿನ ಹೊರಗಡೆಗೆ ಜಾರಿಹೋಗುತ್ತೆ. ಅವತ್ತು ಟೈರಿಗೆ ಮತ್ತೆ ಹಿಡಿತ ಸಿಕ್ಕಿ ಬೈಕು ಅವನನ್ನ ಎಳ್ಕೊಂಡು ಟ್ರ್ಯಾಕಿಗೆ ಅಡ್ಡ ಒಳಗಡೆಗೇ ಬಂತು. ಹಿಂದೆ ಬರ್ತಿದ್ದ ಕಾಲಿನ್ ಎಡ್ವರ್ಡ್ಸ್ ಮತ್ತು ರೋಸ್ಸಿಗೆ ತಪ್ಪಿಸೋಕೆ ಆಗಲಿಲ್ಲ. ರೋಸ್ಸಿ ಅವನ ಆಪ್ತ ಗೆಳೆಯ. ಮಾರ್ಕೊಗೆ ಇಪ್ಪತ್ನಾಲ್ಕು ವರ್ಷ, ನಮ್ಮ ಸೀನಿಯರ್‌ಗಳ ವಯಸ್ಸು. ಮೂರು ವರ್ಷದ ಹಿಂದೆ ಪಟ್ಟ ಕಟ್ಟಿದ್ದ ಸರ್ಕ್ಯೂಟಿನಲ್ಲೇ ಜೀವ ಹೋಯ್ತು. ಅವನ ಎತ್ತರಕ್ಕೂ ಆ ಸಾವಿಗೂ ನಂಟು ಕಟ್ಟೋದು ತಪ್ಪು, ನಾವೂ ಕಟ್ಟಲ್ಲ.

ಮಾರ್ಕೊ ಬದುಕಿನಿಂದ ನಾವು ಲಂಬುಗೆ ಹೇಳಿದ್ದು ಇಷ್ಟೆ: ನಿನ್ನ ದೇಹ ತಪ್ಪಲ್ಲ, ಬೈಕೂ ತಪ್ಪಲ್ಲ, ಇಬ್ಬರ ನಡುವಿನ ಅಳತೆ ಸರಿ ಇಲ್ಲ. ಅಳತೆ ಪಟ್ಟಿ ಹಿಡಿದು ಪಾರ್ಕಿಂಗಲ್ಲಿ ಕೂತ್ವಿ. ಪಕ್ಕದಿಂದ ಫೋಟೋ ತೆಗೆದು ಮಂಡಿಯ ಕೋನ ನೋಡಿದ್ರೆ 90 ಡಿಗ್ರಿಗಿಂತ ಕಮ್ಮಿ. ಮೊದಲು ಸೀಟಿಗೆ ಒಂದಿಂಚು ಗಟ್ಟಿ ಫೋಮ್ ಹಾಕಿಸಿದ್ವಿ. ಮಂಡಿಗೆ ಆರಾಮ ಸಿಕ್ತು, ಆದ್ರೆ ಮೈ ಇನ್ನೂ ಮುಂದಕ್ಕೆ ಬಾಗಿ ಮಣಿಕಟ್ಟಿನ ಮೇಲೆ ಭಾರ ಜಾಸ್ತಿ ಆಯ್ತು. ತ್ರಿಕೋನದ ಒಂದು ಮೂಲೆ ಎಳೆದ್ರೆ ಇನ್ನೊಂದು ಮೂಲೆ ಕೂಗುತ್ತೆ ಅಂತ ಆಗ ಅರ್ಥವಾಯ್ತು. ಆಮೇಲೆ ಗೊತ್ತಿರೋ ಮೆಕ್ಯಾನಿಕ್ ಹತ್ರ ಹ್ಯಾಂಡಲ್ ಒಂದಿಂಚು ಎತ್ತರಿಸಿದ್ವಿ. ಎರಡೂ ಕಡೆ ಪೂರ್ತಿ ತಿರುಗಿಸಿ ಕೇಬಲ್, ಬ್ರೇಕ್ ಹೋಸ್ ಎಳೀತಿಲ್ಲ, ಹ್ಯಾಂಡಲ್ ಟ್ಯಾಂಕಿಗೆ ತಾಗ್ತಿಲ್ಲ ಅಂತ ನೋಡ್ಕೊಂಡ್ವಿ. ಫುಟ್‌ರೆಸ್ಟ್ ಮುಟ್ಟಲಿಲ್ಲ. ಅದು ಕೆಳಗಿಳಿದ್ರೆ ತಿರುವಿನಲ್ಲಿ ನೆಲಕ್ಕೆ ಬೇಗ ತಾಗುತ್ತೆ, ಗೇರ್ ಮತ್ತು ಬ್ರೇಕ್ ಪೆಡಲ್ ಕೂಡ ಹೊಂದಿಸಬೇಕಾಗುತ್ತೆ. ಕೊನೆಯದು ಖರ್ಚಿಲ್ಲದ ಪಾಠ: ಭಾರ ಕೈ ಮೇಲೆ ಬಿಡದೆ, ತೊಡೆಯಿಂದ ಟ್ಯಾಂಕ್ ಹಿಡಿದು ಕೂರೋದು. ಲಂಬು ಈಗ ಅದೇ ಬೈಕಲ್ಲಿ ಕಾಲೇಜಿಗೆ ಬರ್ತಾನೆ. ದೂರ ಹೋದಾಗ ಗಂಟೆಗೊಮ್ಮೆ ಇಳಿದು ಕೈಕಾಲು ಆಡಿಸ್ತಾನೆ.

ಮಾರ್ಕೊನ ಊರಿನ ಹತ್ತಿರದ ಮಿಸಾನೊ ಸರ್ಕ್ಯೂಟಿಗೆ ಈಗ ಅವನದೇ ಹೆಸರು. 58 ನಂಬರನ್ನ 2016ರಲ್ಲಿ ಮೋಟೋಜಿಪಿಯಿಂದ ನಿವೃತ್ತಿ ಮಾಡಿದ್ರು. ಅವನ ತಂದೆ ಪಾವೊಲೊ ಮಗನ ಹೆಸರಲ್ಲಿ ಒಂದು ತಂಡ ಕಟ್ಟಿ, ಸಣ್ಣ ಹುಡುಗರನ್ನ ಸಣ್ಣ ಬೈಕುಗಳ ಮೇಲೆ ಬೆಳೆಸೋಕೆ ನಿಂತರು. ಆ ತಂಡ ಮೋಟೋ3ಯಲ್ಲಿ ಮೊದಲ ಸಲ ಗೆದ್ದಿದ್ದು 2019ರಲ್ಲಿ. ಮೊದಲ ಸ್ಥಾನ, ಎರಡನೇ ಸ್ಥಾನ ಎರಡೂ ಅವರ ಹುಡುಗರದ್ದೇ. ಸರ್ಕ್ಯೂಟ್ ಯಾವುದು ಗೊತ್ತಾ? ಹದಿನೈದು ವರ್ಷದ ಹಿಂದೆ ಮಳೆಯಲ್ಲಿ ಮಾರ್ಕೊ ಮೊದಲು ಗೆದ್ದಿದ್ದ ಹೆರೆಸ್.